ಎಲ್ಲಾ ಬಿಳಿ ಕೀ ಒತ್ತಿದರೂ ‘ನಿ’ ಯಾಕೆ ತಪ್ಪಿತು?

ಇಯರ್‌ಫೋನ್ ಹತ್ತಿರದಲ್ಲಿದ್ರೆ ಹಾಕ್ಕೊಳ್ಳಿ, ಇವತ್ತು ಬೇಕಾಗುತ್ತೆ.

ಕಳೆದ ವರ್ಷ ಗಣೇಶನ ಹಬ್ಬದಲ್ಲಿ, ಇಲ್ಲೇ ಹೆಬ್ಬಾಳ ಎರಡನೇ ಹಂತದ ನಮ್ಮ ರಸ್ತೆಯ ಪೆಂಡಾಲ್‌ನಲ್ಲಿ ನನ್ನ ಮಾನ ಹೋಯ್ತು. ಪಕ್ಕದ ಮನೆ ಆಂಟಿ, "ಶಂಕರಾಭರಣದಲ್ಲಿ ಒಂದು ದೇವರನಾಮ ಹಾಡ್ತೀನಿ, ನೀನು ಕೀಬೋರ್ಡ್ ನುಡಿಸು" ಅಂದ್ರು. ಶಂಕರಾಭರಣ ಅಂದ್ರೆ ಮೇಜರ್ ಸ್ಕೇಲ್, ಮೇಜರ್ ಸ್ಕೇಲ್ ಅಂದ್ರೆ ಬರೀ ಬಿಳಿ ಕೀ ಅಂತ ಯಾವುದೋ ವಿಡಿಯೋ ನೋಡಿ ಕಲಿತಿದ್ದೆ. ಧೈರ್ಯವಾಗಿ ಕೂತೆ.

ಆಂಟಿ ಹಾಡೋದು ಐದರ ಶ್ರುತಿಯಲ್ಲಿ. ಅಂದರೆ ಅವರ ‘ಸ’ ಇರೋದು ಸಿ ಕೀ ಮೇಲಲ್ಲ, ಅಲ್ಲಿಂದ ಐದನೇ ಬಿಳಿ ಕೀ ಆದ ಜಿ ಮೇಲೆ. ನಾನು ಜಿಯಿಂದ ಶುರು ಮಾಡಿ ಬಿಳಿ ಕೀಗಳ ಮೇಲೇ ಹೋದೆ. ‘ದ’ ತನಕ ಎಲ್ಲ ಸರಿ. ‘ನಿ’ ಬಂದಾಗಲೆಲ್ಲ ಆಂಟಿ ನನ್ನ ಕಡೆ ತಿರುಗಿ ನೋಡ್ತಿದ್ರು. ಮೂರನೇ ಸಲ ಮೈಕ್ ಪಕ್ಕಕ್ಕೆ ಸರಿಸಿ, "ನೀನು ಸುಮ್ನೆ ಸ-ಪ ಹಿಡ್ಕೊಂಡಿರಪ್ಪ, ಸಾಕು" ಅಂದ್ರು.

ಮೇಜರ್ ಸ್ಕೇಲ್ ಅನ್ನೋದು ಇಂತಿಂಥ ಕೀಗಳ ಪಟ್ಟಿ ಅಂದ್ಕೊಂಡಿದ್ದೇ ನನ್ನ ತಪ್ಪು. ಅದು ಸ್ವರಗಳ ನಡುವಿನ ಅಂತರದ ಲೆಕ್ಕ. ಕೆಳಗಿನ ‘ಸ’ದಿಂದ ಮೇಲಿನ ‘ಸ’ಕ್ಕೆ ಹೋದರೆ ಕಂಪನ ಎರಡು ಪಟ್ಟಾಗುತ್ತೆ. ಆ ದಾರಿಯನ್ನ ಕೀಬೋರ್ಡ್ 12 ಸಮ ಹೆಜ್ಜೆಗಳಾಗಿ ಹಂಚಿದೆ. ಬಿಳಿ, ಕಪ್ಪು ಎಲ್ಲಾ ಸೇರಿಸಿ ಎಣಿಸಬೇಕು. ಗಿಟಾರ್‌ನಲ್ಲಾದ್ರೆ ಒಂದು ಫ್ರೆಟ್‌ಗೆ ಒಂದು ಹೆಜ್ಜೆ. ಮೇಜರ್ ಸ್ಕೇಲಿನ ನಡೆ ಹೀಗೆ: 2, 2, 1, 2, 2, 2, 1. ಕೂಡಿಸಿ, 12 ಬರುತ್ತೆ. ಗ-ಮ ನಡುವೆ, ನಿ-ಸ ನಡುವೆ ಮಾತ್ರ ಒಂದೇ ಹೆಜ್ಜೆ. ‘ನಿ’ ಮೇಲಿನ ‘ಸ’ಕ್ಕೆ ಅಷ್ಟು ಹತ್ತಿರ ಇರೋದ್ರಿಂದ, ಅಲ್ಲೇ ನಿಲ್ಲಿಸಿದ್ರೆ ಏನೋ ಬಾಕಿ ಉಳಿದ ಹಾಗೆ ಅನ್ಸುತ್ತೆ. ಕೇಳಿ.

(ಕೀಬೋರ್ಡ್: ಸ ರಿ ಗ ಮ ಪ ದ ನಿ... ಮೌನ)

ಕಿರಿಕಿರಿ ಆಯ್ತಲ್ವಾ? ತಗೊಳ್ಳಿ.

(ಮೇಲಿನ ಸ)

ಈಗ ಕೀಬೋರ್ಡ್ ನೋಡಿ. ಇ-ಎಫ್ ನಡುವೆ, ಬಿ-ಸಿ ನಡುವೆ ಕಪ್ಪು ಕೀ ಇಲ್ಲ. ಸಿಯಿಂದ ಹೊರಟರೆ ಈ ಎರಡು ಜಾಗ ಸರಿಯಾಗಿ ಗ-ಮ, ನಿ-ಸಗಳಿಗೆ ಕೂರುತ್ತೆ. ಬಿಳಿ ಕೀಗಳ ಗುಟ್ಟು ಇಷ್ಟೇ. ಜಿಯಿಂದ ಹೊರಟರೆ ಇ-ಎಫ್ ಜಾಗ ದ-ನಿ ನಡುವೆ ಬರುತ್ತೆ. ‘ನಿ’ ಒಂದು ಹೆಜ್ಜೆ ಕೆಳಗೆ ಬೀಳುತ್ತೆ. ಎಫ್ ಬಿಟ್ಟು ಅದರ ಪಕ್ಕದ ಕಪ್ಪು ಕೀ ಒತ್ತಬೇಕಿತ್ತು. ಅವತ್ತು ನಾನು ನುಡಿಸಿದ್ದು ಹರಿಕಾಂಭೋಜಿಯ ಸ್ವರಗಳು. ಮೇಳಕರ್ತಗಳಲ್ಲಿ ಅದು 28ನೆಯದು, ಶಂಕರಾಭರಣ 29ನೆಯದು. ವ್ಯತ್ಯಾಸ ಒಂದೇ ಒಂದು ‘ನಿ’. ಆಂಟಿ ಕಿವಿಗೆ ಅಷ್ಟು ಸಾಕಾಗಿತ್ತು.

ಮೈಸೂರಿಗೆ ಈ ಸ್ಕೇಲ್ ಹೊಸದೇನಲ್ಲ. ಬಸಪ್ಪ ಶಾಸ್ತ್ರಿಗಳು ಬರೆದ ಮೈಸೂರು ಸಂಸ್ಥಾನದ ಗೀತೆ ‘ಕಾಯೌ ಶ್ರೀ ಗೌರಿ’ ಇರೋದು ಧೀರ ಶಂಕರಾಭರಣದಲ್ಲೇ. ಹಾಡುಗಾರರಿಗೂ ಒಗ್ಗುತ್ತೆ, ಅರಮನೆ ಬ್ಯಾಂಡಿನ ತುತ್ತೂರಿಗಳಿಗೂ ಒಗ್ಗುತ್ತೆ. ಅದಕ್ಕೂ ಮೊದಲು ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೋಟುಸ್ವರಗಳನ್ನ ಮಾಡಿದಾಗ ಸಿಕ್ಕಿದ್ದೂ ಇದೇ ಶಂಕರಾಭರಣ. ಜಯಚಾಮರಾಜ ಒಡೆಯರ್ ಅಂತೂ ಎರಡೂ ಕಡೆಯವರು: ರಷ್ಯಾದ ಮೆಟ್ನರ್ ಅವರ ಪಿಯಾನೋ ಸಂಗೀತ ರೆಕಾರ್ಡ್ ಆಗೋಕೆ ಹಣ ಕೊಟ್ಟರು, ತಾವೇ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು.

ಹಾಗಂತ ರೀಲ್ಸ್‌ನಲ್ಲಿ ‘ಎರಡೂ ಒಂದೇ’ ಅಂತಾರಲ್ಲ, ಅದನ್ನ ಪೂರ್ತಿ ನಂಬಬೇಡಿ. ಸ್ವರಸ್ಥಾನಗಳು ಹೊಂದುತ್ತವೆ, ನಿಜ. ಆದರೆ ಕೀ ಒತ್ತಿದರೆ ‘ರಿ’ ಅಲ್ಲಾಡದೆ ನಿಲ್ಲುತ್ತೆ. ಆಂಟಿಯ ‘ರಿ’ ಗಮಕದಲ್ಲಿ ತೂಗುತ್ತೆ, ಅಕ್ಕಪಕ್ಕದ ಸ್ವರಗಳನ್ನ ಮುಟ್ಟಿ ಬರುತ್ತೆ. ಸ್ಕೇಲ್ ಪೂರ್ತಿ ಬಂದರೂ ರಾಗ ಬಂತು ಅಂತ ಅವರು ಒಪ್ಪಲ್ಲ. ನನಗೂ ಅವರ ಮಾತೇ ಸರಿ ಅನ್ಸುತ್ತೆ.

ಫೋನಿನಲ್ಲಿ ಪಿಯಾನೋ ಆಪ್ ಇದ್ರೆ ತೆಗೀರಿ. ಡಿ ಕೀಯನ್ನ ‘ಸ’ ಮಾಡ್ಕೊಂಡು ಅದೇ ಲೆಕ್ಕ ಎಣಿಸಿ. ‘ಗ’ಕ್ಕೆ ಒಂದು, ‘ನಿ’ಗೆ ಒಂದು, ಒಟ್ಟು ಎರಡು ಕಪ್ಪು ಕೀ ಬಂದ್ರೆ ಸರಿ. ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ ಅಂತೀರಾ? ಇದೆ. ಪೆಂಡಾಲ್‌ನಲ್ಲಿ ಕೂತಾಗ ಅದು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಂಟಿ ಈ ವರ್ಷವೂ ಹಾಡ್ತಾರಂತೆ.