ಇಂಜೆಕ್ಟರ್ ಶುದ್ಧಿಗೆ ಇಂಧನ ಸಂಯೋಜಕ: ಪ್ರಯೋಜನ ಎಷ್ಟು, ಮಿತಿ ಎಲ್ಲಿ?

ವ್ಯಾಪಾರಸ್ಥನಿಗೆ ವಾಹನವು ಇಂದು ತಕ್ಕಡಿಯಷ್ಟೇ ಅಗತ್ಯವಾದ ಸಾಧನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ರಾಯಚರ್ಲುವಿನಂತಹ ಊರುಗಳವರೆಗೂ ಸರಕು ತಲುಪಿಸಬೇಕಾದವರಿಗೆ ಇಂಧನದ ವೆಚ್ಚ ಸಣ್ಣದಲ್ಲ. ತಿಂಗಳಿಗೆ 2,000 ಕಿ.ಮೀ. ಓಡುವ ವಾಹನದ ಮೈಲೇಜು ಲೀಟರಿಗೆ 15ರಿಂದ 13.5 ಕಿ.ಮೀ.ಗೆ ಇಳಿದರೆ, ಸುಮಾರು 15 ಲೀಟರ್ ಹೆಚ್ಚುವರಿ ಇಂಧನ ಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ಸುಲಭ ಪರಿಹಾರವೆಂದು ಕಾಣುವುದು ಬಿಡಿಭಾಗಗಳ ಅಂಗಡಿಯ ಅಡಿಟಿವ್ ಬಾಟಲಿ, ಅಂದರೆ ಇಂಧನ ಸಂಯೋಜಕ. ಅದನ್ನು ಕೊಳ್ಳುವ ಮುನ್ನ ದೋಷ ಎಲ್ಲಿದೆಯೆಂದು ತಿಳಿಯುವುದು ಲಾಭದಾಯಕ.

ಕೊಳೆ ಕಟ್ಟುವ ಬಗೆ

ದೇಶದಲ್ಲಿ 2000ದ ಏಪ್ರಿಲ್‌ನಿಂದ ಹೊಸ ಹೊಗೆ ಮಾನದಂಡಗಳು ಜಾರಿಯಾದ ಕಾಲದಿಂದ, ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್‌ನ ಸ್ಥಾನಕ್ಕೆ ಇಂಜೆಕ್ಟರ್ ಬರತೊಡಗಿತು. ಸೂಕ್ಷ್ಮ ರಂಧ್ರಗಳ ಮೂಲಕ ಇಂಧನವನ್ನು ಮಂಜಿನಂತೆ ಸಿಂಪಡಿಸುವುದು ಇದರ ಕೆಲಸ. ಎಂಜಿನ್ ನಿಂತೊಡನೆ ತಂಪಾಗುವುದಿಲ್ಲ. ಆ ಶಾಖದಲ್ಲಿ ಇಂಜೆಕ್ಟರ್ ತುದಿಯಲ್ಲಿ ಉಳಿದ ಇಂಧನದ ಹಗುರ ಅಂಶ ಆವಿಯಾಗಿ, ಭಾರವಾದ ಅಂಶ ಅರಗಿನಂತೆ ಅಂಟಿಕೊಳ್ಳುತ್ತದೆ. ಆದುದರಿಂದ ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ವಾಹನಕ್ಕಿಂತ, ಅಂಗಡಿಯಿಂದ ಅಂಗಡಿಗೆ ನಿಂತು ಹೊರಡುವ ವಾಹನದಲ್ಲಿ ಈ ತೊಂದರೆ ಹೆಚ್ಚು.

ಒಟ್ಟು ಇಂಧನ ಕಡಿಮೆಯಾದರೆ ಎಂಜಿನ್ನಿನ ಗಣಕವು ಆಮ್ಲಜನಕ ಸಂವೇದಕದ ನೆರವಿನಿಂದ ಅದನ್ನು ಸರಿದೂಗಿಸುತ್ತದೆ. ಆದರೆ ಒಂದು ಸಿಲಿಂಡರಿಗೆ ಕಡಿಮೆ, ಮತ್ತೊಂದಕ್ಕೆ ಹೆಚ್ಚು ಎಂಬ ಅಸಮತೆಯನ್ನು ಸರಿಪಡಿಸುವುದು ಅದಕ್ಕೆ ಕಷ್ಟ. ನಿಂತಲ್ಲಿ ಎಂಜಿನ್ ನಡುಗುವುದು, ಎಳೆತ ಕುಂದುವುದು ಇದರ ಲಕ್ಷಣಗಳು.

ಸಂಯೋಜಕ ಮಾಡುವ ಕೆಲಸ, ಮಾಡದ ಕೆಲಸ

ಉತ್ತಮ ಶುದ್ಧಿಕಾರಕಗಳಲ್ಲಿ ಪಾಲಿಈಥರ್ ಅಮೈನ್ ಎಂಬ ರಾಸಾಯನಿಕವಿರುತ್ತದೆ. ಸಾಬೂನಿನಂತೆ ಇದರ ಅಣುವಿನ ಒಂದು ತುದಿ ಕೊಳೆಯನ್ನು ಹಿಡಿಯುತ್ತದೆ, ಮತ್ತೊಂದು ತುದಿ ಇಂಧನದಲ್ಲಿ ಬೆರೆಯುತ್ತದೆ. ಸಡಿಲಗೊಂಡ ಕೊಳೆ ಇಂಧನದೊಡನೆ ಉರಿದು ಹೋಗುತ್ತದೆ. ಬರಿಯ ಸೀಮೆಎಣ್ಣೆಯಂತಹ ದ್ರಾವಕಕ್ಕೆ ಈ ಶಕ್ತಿಯಿಲ್ಲ.

ಆದರೆ ಸವೆದ ಸೂಜಿ, ಸುಟ್ಟ ಸುರುಳಿ, ಸೋರುವ ಸೀಲು, ಮುಚ್ಚಿದ ಫಿಲ್ಟರ್, ದುರ್ಬಲ ಪಂಪು, ಹಳೆಯ ಸ್ಪಾರ್ಕ್ ಪ್ಲಗ್ ಇವು ಯಾವ ಬಾಟಲಿಯಿಂದಲೂ ಸರಿಹೋಗವು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ನಮ್ಮ ಸೀಮೆಯ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿದರೂ ವಾಹನ ಎಳೆಯದು. ಪೂರ್ತಿ ಮುಚ್ಚಿದ ರಂಧ್ರದೊಳಕ್ಕೆ ಶುದ್ಧಿಕಾರಕವೇ ಹರಿಯಲಾರದು. ಅಂತಹ ಇಂಜೆಕ್ಟರನ್ನು ಬಿಚ್ಚಿ ಯಂತ್ರದ ಮೇಲೆ ಪರೀಕ್ಷಿಸಬೇಕು. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಎಂಜಿನ್ನುಗಳಲ್ಲಿ ಇಂಧನವು ಒಳಹರಿವಿನ ಕವಾಟಗಳನ್ನು ಮುಟ್ಟದ ಕಾರಣ, ಅಲ್ಲಿನ ಮಸಿಯನ್ನೂ ಸಂಯೋಜಕ ತೆಗೆಯಲಾರದು.

ಡೀಸೆಲ್ ವಾಹನಗಳ ವಿಷಯ

1951ರಲ್ಲಿ ಸ್ಥಾಪನೆಯಾದ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಂಪನಿಯ ಪಂಪು, ನಾಜಲ್‌ಗಳು ನಮ್ಮ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ. ಆ ಕಾಲದ ಯಾಂತ್ರಿಕ ಪಂಪುಗಳಿಗಿಂತ ಇಂದಿನ ಕಾಮನ್ ರೈಲ್ ವ್ಯವಸ್ಥೆ ಬಹಳ ಸೂಕ್ಷ್ಮ. ಅದರ ಒತ್ತಡ 1,600 ಬಾರ್ ಮೀರುವುದುಂಟು. ಇಲ್ಲಿ ನೀರು, ಧೂಳು, ಸತುವಿನ ಅಂಶ ದೊಡ್ಡ ಶತ್ರುಗಳು. ಸತು ಲೇಪಿಸಿದ ಡ್ರಮ್ಮು, ಡಬ್ಬಗಳಲ್ಲಿ ಡೀಸೆಲ್ ಸಂಗ್ರಹಿಸಿದರೆ ಸತು ಕರಗಿ ಸೇರಿ ನಾಜಲ್‌ನಲ್ಲಿ ಕೊಳೆ ಕಟ್ಟಲು ಕಾರಣವಾಗುತ್ತದೆ. ಜನರೇಟರಿಗೆಂದು ಡೀಸೆಲ್ ಶೇಖರಿಸುವವರು ಇದನ್ನು ಗಮನಿಸಬೇಕು.

2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ, ಲೋಹಾಂಶವಿರುವ ಸಂಯೋಜಕಗಳ ಬೂದಿ ಅದನ್ನು ಕಟ್ಟಿಸಬಹುದು. ಯೂರಿಯಾ ದ್ರಾವಣವಾದ ಡಿಇಎಫ್ ಇಂಧನ ಸಂಯೋಜಕವಲ್ಲ. ಅದಕ್ಕೆ ಪ್ರತ್ಯೇಕ ಟ್ಯಾಂಕಿದೆ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಪಂಪು, ಇಂಜೆಕ್ಟರುಗಳೆಲ್ಲ ಹಾಳಾಗುವ ಸಂಭವವಿದೆ. ಹಾಗಾದಲ್ಲಿ ಎಂಜಿನ್ ಚಾಲೂ ಮಾಡದೆ ಟ್ಯಾಂಕನ್ನು ಬರಿದು ಮಾಡಿಸತಕ್ಕದ್ದು.

ಬಳಸುವ ಕ್ರಮ

1. ಮೊದಲು ಫಿಲ್ಟರ್, ಪ್ಲಗ್, ಟೈರ್ ಒತ್ತಡ ಪರೀಕ್ಷಿಸಿ, ದೋಷಸಂಕೇತಗಳನ್ನು ಓದಿಸಿರಿ.
2. ವಾಹನದ ಕೈಪಿಡಿ ಸಂಯೋಜಕವನ್ನು ನಿಷೇಧಿಸಿದ್ದರೆ ಬಳಸಬೇಡಿರಿ, ವಾರಂಟಿಗೆ ತೊಡಕಾದೀತು.
3. ಪೆಟ್ರೋಲಿನದು ಪೆಟ್ರೋಲಿಗೆ, ಡೀಸೆಲಿನದು ಡೀಸೆಲಿಗೆ ಮಾತ್ರ.
4. ಲೇಬಲ್ಲಿನ ಪ್ರಮಾಣವನ್ನು ಮೀರಬೇಡಿರಿ. ಬಾಟಲಿಯನ್ನು ಮೊದಲು ಹಾಕಿ, ಅನಂತರ ಇಂಧನ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ.
5. ಎಂಜಿನ್ ಆಯಿಲ್ ಬದಲಿಸುವ ಮುಂಚಿನ ಟ್ಯಾಂಕಿಗೆ ಬಳಸುವುದು ಲೇಸು. ಶುದ್ಧಿಕಾರಕದ ಸ್ವಲ್ಪ ಅಂಶ ಆಯಿಲ್ಲಿಗೂ ಸೇರುತ್ತದೆ.
6. ಟ್ಯಾಂಕ್ ತುಂಬಿಸಿ ತುಂಬಿಸಿ ಮೈಲೇಜನ್ನು ಬಳಕೆಗೆ ಮುನ್ನ ಮತ್ತು ನಂತರ ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ಎರಡನೆಯ ಬಾಟಲಿಗೆ ಹಣ ಹಾಕಬೇಡಿರಿ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲಿಗೆ ಚಾಲನೆ ದೊರೆಯಿತು. ಎಥನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತರಬಹುದು. ಹಳೆಯ ಕಾರುಗಳವರು ಬಾಟಲಿಗಿಂತ ಮೊದಲು ಫಿಲ್ಟರನ್ನು ನೋಡಬೇಕು.

ಮಾರಾಟಗಾರ ಸದಸ್ಯರಿಗೆ

ತಯಾರಕರ ಹೆಸರು, ವಿಳಾಸ, ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಇಲ್ಲದ ಬಾಟಲಿಯನ್ನು ದಾಸ್ತಾನು ಮಾಡಬಾರದು. ದಾರಿತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. "ಮೈಲೇಜು ಇಷ್ಟು ಖಂಡಿತ ಏರುತ್ತದೆ" ಎಂದು ಭರವಸೆ ಕೊಡುವುದಕ್ಕಿಂತ, "ಕೊಳೆಯೇ ಕಾರಣವಾಗಿದ್ದರೆ ಉಪಯೋಗವಾದೀತು" ಎಂದು ಹೇಳುವುದು ಕ್ಷೇಮ. ಒಂದು ಬಾಟಲಿಯ ಲಾಭ ಒಂದು ದಿನದ್ದು. ಸರಿಯಾದ ಸಲಹೆ ಪಡೆದ ಗಿರಾಕಿ ಬಹುಕಾಲ ಉಳಿಯುತ್ತಾನೆ.