ತೋಂಟದ ಸಿದ್ಧಲಿಂಗ ಶಿವಯೋಗಿಗಳು ಮತ್ತು ಷಟ್‌ಸ್ಥಲ ಜ್ಞಾನಸಾರಾಮೃತ

ಹೆಗ್ಗಡದೇವನಕೋಟೆ ಸೀಮೆಯ ಬೇಗೂರಿನಿಂದ ಹಿಡಿದು ತುಮಕೂರಿನ ಕುಣಿಗಲ್ಲಿನವರೆಗೆ ಯಾವ ಶಿವಭಕ್ತರ ಊರಿಗೆ ಹೋದರೂ ಸಿದ್ಧಲಿಂಗಯ್ಯ, ಸಿದ್ಧಲಿಂಗಪ್ಪ, ಸಿದ್ಧಲಿಂಗಮ್ಮ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಎಡೆಯೂರಿನ ಗದ್ದುಗೆಗೆ ಹರಕೆ ಹೊತ್ತು ಹೋಗಿಬರುವ ಮನೆತನಗಳು ಅಸಂಖ್ಯಾತ. ಆದರೆ ಆ ಗದ್ದುಗೆಯಲ್ಲಿ ನಿಜೈಕ್ಯರಾದ ಮಹನೀಯರು ಏಳುನೂರೊಂದು ವಚನಗಳ ಕರ್ತೃಗಳೆಂಬುದನ್ನು ಬಲ್ಲ ಭಕ್ತರು ವಿರಳ. ಇತ್ತ ಸಾಹಿತ್ಯದ ವಿದ್ಯಾರ್ಥಿಗಳಾದರೋ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರನ್ನು ಓದಿ ಮುಗಿಸಿ, ಅಲ್ಲಿಗೆ ವಚನವಾಙ್ಮಯವೇ ಮುಗಿಯಿತೆಂದು ಪುಸ್ತಕ ಮುಚ್ಚುತ್ತಾರೆ. ಒಬ್ಬರು ಪೂಜಿಸುತ್ತಾರೆ, ಓದುವುದಿಲ್ಲ. ಇನ್ನೊಬ್ಬರು ಓದಬಲ್ಲರು, ಆದರೆ ಶುಷ್ಕಶಾಸ್ತ್ರವೆಂದು ಬದಿಗಿಡುತ್ತಾರೆ. ಈ ಎರಡು ಬಗೆಯ ಉಪೇಕ್ಷೆಯ ನಡುವೆ ಸಿಕ್ಕಿದ ಗ್ರಂಥವೇ 'ಷಟ್‌ಸ್ಥಲ ಜ್ಞಾನಸಾರಾಮೃತ'.

ಸಿದ್ಧಲಿಂಗರು ಇದ್ದುದು ವಿಜಯನಗರದ ಕಾಲದಲ್ಲಿ. ವಿದ್ವಾಂಸರು ಸಾಮಾನ್ಯವಾಗಿ 15ನೆಯ ಶತಮಾನದ ಉತ್ತರಾರ್ಧ ಮತ್ತು 16ನೆಯ ಶತಮಾನದ ಆರಂಭಗಳ ನಡುವೆ ಅವರನ್ನು ನಿಲ್ಲಿಸುತ್ತಾರೆ. ಹುಟ್ಟಿದ್ದು ಚಾಮರಾಜನಗರದ ಬಳಿಯ ಹರದನಹಳ್ಳಿಯಲ್ಲಿ. ಅಲ್ಲಿಯ ಶೂನ್ಯಪೀಠದ ಗೋಸಲ ಚನ್ನಬಸವೇಶ್ವರರೇ ಅವರ ಗುರುಗಳು. ಗುರುವಿನ ತರುವಾಯ ಪೀಠವನ್ನೇರಿದ ಅವರು ಮಠದಲ್ಲಿಯೇ ನೆಲೆಸದೆ ಏಳುನೂರೊಂದು ವಿರಕ್ತರೊಡನೆ ದೇಶಸಂಚಾರ ಕೈಗೊಂಡರೆಂದು ಪರಂಪರೆ ಹೇಳುತ್ತದೆ. ಕುಣಿಗಲ್ ಸೀಮೆಯ ಕಗ್ಗೆರೆಯಲ್ಲಿ, ನಾಗಿನೀ ನದಿಯ ದಡದ ಒಂದು ತೋಟದಲ್ಲಿ ಅವರು ಹನ್ನೆರಡು ವರ್ಷ ಶಿವಯೋಗದಲ್ಲಿ ಕುಳಿತರು. ಮೈಮೇಲೆ ಹುತ್ತ ಬೆಳೆಯಿತು, ಹಸುವೊಂದು ಬಂದು ಆ ಹುತ್ತಕ್ಕೆ ಹಾಲು ಕರೆಯಿತು ಎಂಬ ಕಥೆ ಎಲ್ಲರ ಬಾಯಲ್ಲಿದೆ. ತೋಟದಲ್ಲಿ ಕುಳಿತದ್ದರಿಂದ 'ತೋಂಟದ' ಎಂಬ ವಿಶೇಷಣ ಬಂದಿತು. ಕೊನೆಗೆ ಎಡೆಯೂರಿನಲ್ಲಿ ಸಜೀವ ಸಮಾಧಿಯನ್ನು ಹೊಂದಿದರು. ಪುರಾಣಕಾರರು ಪವಾಡಗಳನ್ನು ಹೇರಳವಾಗಿ ಹೇಳಿದ್ದಾರೆ. 1584ರ ವಿರೂಪಾಕ್ಷ ಪಂಡಿತನ 'ಚೆನ್ನಬಸವ ಪುರಾಣ'ವೂ ಅವರ ಮಹಿಮೆಯನ್ನು ಸ್ಮರಿಸುತ್ತದೆ. ಪವಾಡಗಳನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಆದರೆ ಹುತ್ತದ ಕಥೆಯನ್ನಷ್ಟೇ ಹಿಡಿದು, ಆ ಹುತ್ತದೊಳಗಿಂದ ಬಂದ ಮಾತನ್ನು ಬಿಟ್ಟರೆ ಆದ ನಷ್ಟ ದೊಡ್ಡದು.

ಆ ಮಾತಿನ ಬೆಲೆಯನ್ನು ಅರಿಯಲು ಅದು ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಯಬೇಕು. 12ನೆಯ ಶತಮಾನದಲ್ಲಿ ಕಲ್ಯಾಣ ಚೆದುರಿತು. ಶರಣರು ದಿಕ್ಕುದಿಕ್ಕಿಗೆ ಹೋದರು. ಆಮೇಲಿನ ಇನ್ನೂರು ವರ್ಷಗಳಲ್ಲಿ ಹರಿಹರ ರಗಳೆಗಳನ್ನೂ ರಾಘವಾಂಕ ಷಟ್ಪದಿಗಳನ್ನೂ ಬರೆದರು. ಭೀಮಕವಿ 1369ರಲ್ಲಿ 'ಬಸವಪುರಾಣ'ವನ್ನು ಕನ್ನಡಕ್ಕೆ ತಂದನು. ಶರಣರ ಚರಿತೆ ಉಳಿಯಿತು. ವಚನದ ಬಾಯಿ ಮಾತ್ರ ಬಹುಮಟ್ಟಿಗೆ ಕಟ್ಟಿತು. 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ಚೆದುರಿದ ವಚನದ ಗರಿಗಳನ್ನು ಹುಡುಕಿ, ಕೂಡಿಸಿ, ಸ್ಥಲಗಳಿಗೆ ಹೊಂದಿಸಿ ಇಡುವ ಮಹಾಕಾರ್ಯದಲ್ಲಿ ತೊಡಗಿದರು. ಇದ್ದುದನ್ನು ಉಳಿಸಿಕೊಂಡ ಕಾಲವದು. ಸಿದ್ಧಲಿಂಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಸಂಕಲಿಸಲಿಲ್ಲ, ವ್ಯಾಖ್ಯಾನಿಸಲೂ ಇಲ್ಲ. ಮತ್ತೆ ವಚನವನ್ನೇ ನುಡಿದರು. 'ಮಹಾಲಿಂಗಗುರು ಶಿವಸಿದ್ಧೇಶ್ವರ ಪ್ರಭು' ಎಂಬುದು ಅವರ ಅಂಕಿತ. ಲಿಂಗವೂ ಗುರುವೂ ಪ್ರಭುವೂ ಒಂದೇ ಉಸಿರಿನಲ್ಲಿ ಬರುವ ಈ ಅಂಕಿತ ದೀರ್ಘವಾಯಿತೆಂದು ಕೆಲವರು ಗೊಣಗುವುದುಂಟು; ಅವರ ತತ್ತ್ವದ ಸಾರವೂ ಅದರಲ್ಲಿಯೇ ಇದೆ. ಅವರನ್ನು ಎರಡನೆಯ ಅಲ್ಲಮನೆಂದು ಕರೆದದ್ದು ಬರಿಯ ಹೊಗಳಿಕೆಯಲ್ಲ.

ಇದೇ ಬಗೆಯ ಕಾರ್ಯ ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ದೂರದ ಪಶ್ಚಿಮ ಏಷ್ಯದಲ್ಲಿಯೂ ನಡೆಯಿತು. 1492ರಲ್ಲಿ ಸ್ಪೇನಿನ ಅರಸರು ಯೆಹೂದ್ಯರನ್ನು ದೇಶದಿಂದ ಹೊರಗಟ್ಟಿದರು. ಹಾಗೆ ಚೆದುರಿದ ಕುಲಗಳ ಅನೇಕ ಪಂಡಿತರು ಗಲಿಲೀ ಪ್ರಾಂತದ ಸಫೆದ್ ಎಂಬ ಬೆಟ್ಟದೂರಿನಲ್ಲಿ ಸೇರಿದರು. ಅವರಲ್ಲಿ ಒಬ್ಬನು ಮೋಶೆ ಕೊರ್ದೊವೆರೊ (1522–1570). ಕೊರ್ದೊವಾ ಎಂಬ ಸ್ಪೇನಿನ ಊರು ಅವನ ಮನೆತನದ ಹೆಸರಿನಲ್ಲಿಯೇ ಉಳಿದಿತ್ತು. ಯೆಹೂದ್ಯರ ಗೂಢತತ್ತ್ವಕ್ಕೆ ಕಬ್ಬಾಲ ಎಂದು ಹೆಸರು. ಪರಂಪರೆಯಿಂದ ಪಡೆದದ್ದು ಎಂದು ಅದರ ಅರ್ಥ. ಹಳೆಯ ಗ್ರಂಥಗಳಲ್ಲಿ ಹರಡಿಹೋಗಿದ್ದ ಆ ತತ್ತ್ವವನ್ನೆಲ್ಲ ಕೊರ್ದೊವೆರೊ 1548ರಲ್ಲಿ ಒಂದು ಕ್ರಮಕ್ಕೆ ತಂದನು. ಅಂತ್ಯವಿಲ್ಲದ, ಹೆಸರಿಗೆ ನಿಲುಕದ ಪರವಸ್ತುವಿನಿಂದ ಹತ್ತು ದಿವ್ಯಸ್ಥಾನಗಳು ಹೊಮ್ಮುವುದನ್ನು ಅವನು ಅಲ್ಲಿ ನಿರೂಪಿಸುತ್ತಾನೆ. ಆ ಗ್ರಂಥದ ಹೆಸರು 'ದಾಳಿಂಬೆಯ ತೋಟ'. ಅಲ್ಲಿಯೂ ತೋಟ, ಇಲ್ಲಿಯೂ ತೋಟ! ಇದು ಕಾಕತಾಳೀಯವೇ ಸರಿ. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಆಯಿತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಸಮುದಾಯವೊಂದು ಚೆದುರಿದಾಗ ಅದರ ಅನುಭಾವಿಗಳು ಒಳಗಿನ ಮನೆಯನ್ನು ಕಟ್ಟಲು ತೊಡಗುತ್ತಾರೆ ಎಂಬಷ್ಟು ಮಾತ್ರ ಎರಡೂ ಕಡೆ ಕಾಣುತ್ತದೆ. ಸಫೆದಿನವರಿಗೆ ಗಾಯ ಹಸಿಯಾಗಿತ್ತು; ನಮ್ಮವರಿಗೆ ಮುನ್ನೂರು ವರ್ಷ ಹಳೆಯದಾಗಿತ್ತು.

ಸಿದ್ಧಲಿಂಗರ ಗ್ರಂಥವೂ ಹೆಸರಿಲ್ಲದ ಆ ನಿಲವಿನಿಂದಲೇ ಹೊರಡುತ್ತದೆ. ಸೃಷ್ಟಿಗೆ ಮೊದಲು ಏನೂ ಇಲ್ಲದ ಸರ್ವಶೂನ್ಯ ನಿರಾಲಂಬ. ಅದು ತನ್ನ ಲೀಲೆಯಿಂದ ಶೂನ್ಯಲಿಂಗವಾಗಿ, ನಿಷ್ಕಲಲಿಂಗವಾಗಿ, ಮಹಾಲಿಂಗವಾಗಿ ತೋರುತ್ತದೆ. ಆಮೇಲೆ ಪಿಂಡಸ್ಥಲ, ಪಿಂಡಜ್ಞಾನಸ್ಥಲ, ಸಂಸಾರಹೇಯಸ್ಥಲ, ಗುರುಕಾರುಣ್ಯಸ್ಥಲಗಳನ್ನು ಹಾದು ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಮೆಟ್ಟಿಲನ್ನು ಸಾಧಕನು ಏರುತ್ತಾನೆ. ಭಕ್ತನಿಗೆ ಶ್ರದ್ಧೆ, ಮಾಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ, ಹೀಗೆ ಒಂದೊಂದು ಸ್ಥಲಕ್ಕೆ ಒಂದೊಂದು ಭಕ್ತಿ.

ಇಲ್ಲಿಯೇ ವಿದ್ಯಾರ್ಥಿಗಳು ಆಕಳಿಸುವುದು. ಆರು ಲಿಂಗ, ಆರು ಚಕ್ರ, ಆರು ಶಕ್ತಿ, ಆರು ಹಸ್ತ, ಆರು ಮುಖ ಎಂದು ಎಣಿಸುತ್ತ ಹೋಗುವ ವಚನಗಳು ಈ ಗ್ರಂಥದಲ್ಲಿ ಬಹಳ. ಅವುಗಳಲ್ಲಿ ಕೆಲವು ಬರಿಯ ಪಟ್ಟಿಗಳಂತೆ ಇವೆಯೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಕ್ಕನ ವಚನದ ಬೆಂಕಿಯನ್ನು ಇಲ್ಲಿ ಹುಡುಕುವವನಿಗೆ ನಿರಾಶೆಯೇ ಗತಿ. ಆದರೆ ಈ ಲೆಕ್ಕ ಏತಕ್ಕೆ ಎಂದು ಕೇಳಿದವನಿಗೆ ಬೇರೊಂದು ಲೋಕ ತೆರೆಯುತ್ತದೆ.

ಒಂದು ಸರಳ ಉದಾಹರಣೆಯಿಂದ ಇದನ್ನು ನೋಡಬಹುದು. ನಂಜನಗೂಡಿನ ರಸಬಾಳೆಯ ಒಂದು ಹಣ್ಣನ್ನು ಮನೆಗೆ ಬಂದ ಜಂಗಮರು ಭಕ್ತನ ಕೈಗೆ ಪ್ರಸಾದವಾಗಿ ಕೊಟ್ಟರೆನ್ನಿ. ಅದರ ಕಂಪು ಮೂಗಿಗೆ ಬಂದಿತು. ಘ್ರಾಣದಲ್ಲಿ ಇರುವುದು ಆಚಾರಲಿಂಗ, ಗಂಧ ಅದಕ್ಕೆ ಅರ್ಪಿತ. ರುಚಿ ಜಿಹ್ವೆಯಲ್ಲಿರುವ ಗುರುಲಿಂಗಕ್ಕೆ, ಬಣ್ಣ ಮತ್ತು ಆಕಾರ ಕಣ್ಣಿನ ಶಿವಲಿಂಗಕ್ಕೆ, ಸಿಪ್ಪೆಯ ನುಣುಪು ತ್ವಕ್ಕಿನ ಜಂಗಮಲಿಂಗಕ್ಕೆ, ಕೊಟ್ಟವರ ಸವಿನುಡಿ ಕಿವಿಯ ಪ್ರಸಾದಲಿಂಗಕ್ಕೆ, ತಿಂದಾಗ ಉಂಟಾದ ತೃಪ್ತಿ ಹೃದಯದ ಮಹಾಲಿಂಗಕ್ಕೆ ಸಲ್ಲುತ್ತದೆ. ತಿಂದವನಿಗೆ ಉಳಿದುದು ಪ್ರಸಾದ ಮಾತ್ರ. ಒಂದು ಹಣ್ಣನ್ನು ತಿನ್ನುವಷ್ಟು ಹೊತ್ತಿನಲ್ಲಿ ಆರು ಪೂಜೆಗಳು ನಡೆದುಹೋದವು; ಗಂಟೆ ಬಾರಿಸಲಿಲ್ಲ, ಆರತಿ ಎತ್ತಲಿಲ್ಲ, ಪಕ್ಕದಲ್ಲಿ ಕುಳಿತವರಿಗೂ ತಿಳಿಯಲಿಲ್ಲ. ಆರರ ಲೆಕ್ಕ ಅವಧಾನಕ್ಕೆ ಹಾಕಿಕೊಟ್ಟ ಪಾಠಕ್ರಮ. ಕಂಪು ಬಂದುದನ್ನು, ರುಚಿ ತೋರಿದುದನ್ನು ಒಂದೊಂದಾಗಿ ಗಮನಿಸದೆ ನುಂಗುವವನು ಲಿಂಗಕ್ಕೆ ಕೊಡದೆ ಉಂಡನು. ಬಸವಾದಿ ಪ್ರಮಥರು ಒಂದೇ ಮಾತಿನಲ್ಲಿ ಮಿಂಚಿಸಿ ಹೇಳಿದ ಅರ್ಪಿತದ ರಹಸ್ಯವನ್ನು ಸಿದ್ಧಲಿಂಗರು ಸಾಮಾನ್ಯ ಸಾಧಕನೂ ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡುವಂತೆ ಬಿಡಿಸಿ ಇಟ್ಟರು. ಮಿಂಚಿನ ಬೆಳಕಿನಲ್ಲಿ ಎಲ್ಲರಿಗೂ ದಾರಿ ನಡೆಯಲು ಬರುವುದಿಲ್ಲವಷ್ಟೆ.

ಕೊರ್ದೊವೆರೊ ಕೂಡ ತತ್ತ್ವವನ್ನು ಬರಿಯ ಚರ್ಚೆಗೆ ಬಿಡಲಿಲ್ಲ. 'ದೆಬೋರಳ ಖರ್ಜೂರ ಮರ' ಎಂಬ ತನ್ನ ಕಿರುಹೊತ್ತಗೆಯಲ್ಲಿ ಆ ಹತ್ತು ದಿವ್ಯಗುಣಗಳನ್ನು ಮನುಷ್ಯನು ಕ್ಷಮೆ, ದಯೆ, ವಿನಯಗಳ ರೂಪದಲ್ಲಿ ಹೇಗೆ ಅನುಸರಿಸಬೇಕೆಂದು ಅವನು ಹೇಳಿದನು. ವ್ಯತ್ಯಾಸ ಇರುವುದು ಇಲ್ಲಿ. ಅಲ್ಲಿ ಮನುಷ್ಯನು ದೇವರ ಗುಣವನ್ನು ಹೋಲುತ್ತಾನೆ; ಷಟ್‌ಸ್ಥಲದಲ್ಲಿ ಅಂಗದ ಗುಣ ಅಳಿದು ಅಂಗವೇ ಲಿಂಗವಾಗುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆದರೆ ಇಬ್ಬರಿಗೂ ಅನ್ಯಾಯವಾದೀತು.

ಸಿದ್ಧಲಿಂಗರ ವಚನಗಳೆಲ್ಲ ಲೆಕ್ಕದ ವಚನಗಳೆಂದೂ ತಿಳಿಯಬಾರದು. ಸಂಸಾರಹೇಯಸ್ಥಲವನ್ನು ತೆರೆದು ನೋಡಿದವರಿಗೆ ಮನಸ್ಸಿನ ಚಾಂಚಲ್ಯದಿಂದ ಬೆಂದು ಮೊರೆಯಿಡುವ ದನಿ ಕೇಳುತ್ತದೆ. ವೇಷ ತೊಟ್ಟು ಹೊನ್ನಿನ ಆಸೆಯಿಂದ ತಿರುಗುವವರನ್ನು ಕಂಡಾಗ ಅವರ ಮಾತು ಕಲ್ಯಾಣದ ಶರಣರ ಮಾತಿನಷ್ಟೇ ಹರಿತ. ಪೀಠಾಧಿಪತಿಯೊಬ್ಬರು ವಿರಕ್ತವೇಷದ ಒಳಗಿನ ಟೊಳ್ಳನ್ನು ಹೀಗೆ ಬಯಲಿಗಿಟ್ಟರೆಂಬುದು ಸಣ್ಣ ಮಾತಲ್ಲ.

ಅವರ ಪರಿಸರದಲ್ಲಿ ವಚನ ಮತ್ತೊಮ್ಮೆ ಬೆಳೆಯಿತು. ಘನಲಿಂಗಿದೇವರು, ಸ್ವತಂತ್ರ ಸಿದ್ಧಲಿಂಗೇಶ್ವರರು ಸ್ವತಃ ವಚನಕಾರರಾದರು. 'ಶೂನ್ಯಸಂಪಾದನೆ'ಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯ ಎರಡನ್ನು ಸಿದ್ಧಪಡಿಸಿದ ಗುಮ್ಮಳಾಪುರದ ಸಿದ್ಧಲಿಂಗ ಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯರೂ ಇದೇ ಪರಂಪರೆಯವರು. ಅಲ್ಲಮನ ಸಂವಾದಗಳನ್ನು ಇಂದು ಓದಿ ಬೆರಗಾಗುವ ವಿದ್ಯಾರ್ಥಿಯ ಕೈಗೆ ಆ ಗ್ರಂಥ ಈ ರೂಪದಲ್ಲಿ ಬಂದುದು ತೋಂಟದ ಗುರುವಿನ ಶಿಷ್ಯವರ್ಗದಿಂದ. ಉತ್ತರದಲ್ಲಿ ಗದಗಿನ ತೋಂಟದಾರ್ಯ ಮಠ ಅವರ ಹೆಸರನ್ನೇ ಹೊತ್ತು ನಿಂತಿದೆ. ದಕ್ಷಿಣದಲ್ಲಿ ಕೃಷ್ಣರಾಜಪೇಟೆಯ ಬಳಿಯ ಕಾಪನಹಳ್ಳಿಯಲ್ಲಿ ಸ್ವತಂತ್ರ ಸಿದ್ಧಲಿಂಗರ ಗವಿಮಠವಿದೆ.

1993ರಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಕರ್ನಾಟಕ ಸರ್ಕಾರ ಹೊರತಂದ ಮೇಲೆ ಬಸವೋತ್ತರ ಕಾಲದ ಈ ವಚನಗಳೂ ಸುಲಭವಾಗಿ ಕೈಗೆ ಸಿಗುವಂತಾಗಿವೆ. ಹೊಸದಾಗಿ ಓದಲು ತೊಡಗುವವರು ಮೊದಲ ಪುಟದ ಸೃಷ್ಟಿಕ್ರಮದಲ್ಲಿ ತೊಡಕಿಕೊಳ್ಳದೆ ಸಂಸಾರಹೇಯಸ್ಥಲದಿಂದ ಆರಂಭಿಸಿ, ಪ್ರಸಾದಿಸ್ಥಲವನ್ನು ನೋಡಿಕೊಂಡು, ಆಮೇಲೆ ಆದಿಗೆ ಬರುವುದು ಲೇಸು.