ಹಂಚಲೆಂದೇ ಕಟ್ಟಿದ ಕಂಪ್ಯೂಟರ್

2002ರ ಹೊತ್ತಿಗೆ ನಮ್ಮ ಕಡೆಯ ಹೊನ್ನಾಳಿ, ಚನ್ನಗಿರಿ, ಜಗಳೂರಿನ ತಾಲ್ಲೂಕು ಕಚೇರಿಗಳಿಗೆ ಭೂದಾಖಲೆ ಕೊಡುವ ‘ಭೂಮಿ’ ಕೌಂಟರ್ ಬಂದಿತ್ತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ನ್ಯಾಮತಿ ಆಗಿನ್ನೂ ಹೋಬಳಿ, ಅಲ್ಲಿಯವರು ಹೊನ್ನಾಳಿಗೇ ಬರಬೇಕಿತ್ತು. ಓದು ಬಾರದವರು ಪಹಣಿ ಹಿಡಿದು ಯಾರ ಹತ್ತಿರವಾದರೂ ಓದಿಸಿಕೊಳ್ಳುತ್ತಿದ್ದರು. ಅಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮಾತಾಡುವ ಅಂಗೈ ಕಂಪ್ಯೂಟರೊಂದು ತಯಾರಾಗಿತ್ತು: ಸಿಂಪ್ಯೂಟರ್.

1998ರಲ್ಲಿ ಬೆಂಗಳೂರಿನ ಸಮ್ಮೇಳನವೊಂದರಲ್ಲಿ ಮೊಳೆತ ಯೋಚನೆ ಅದು. ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್, ಜೊತೆಗೆ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂತು. ಒಳಗೆ ಲಿನಕ್ಸ್, ಪಕ್ಕದಲ್ಲಿ ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿ. ಊರಿಗೊಂದು ಯಂತ್ರವಿದ್ದರೂ ತಂತಮ್ಮ ಕಾರ್ಡ್ ಹಾಕಿ ಎಲ್ಲರೂ ಬಳಸಲಿ ಎಂಬ ಲೆಕ್ಕ.

ನನ್ನನ್ನು ಸೆಳೆದದ್ದು ಯಂತ್ರವಲ್ಲ, ಅದಕ್ಕೆ ಬಾಯಿ ಕೊಟ್ಟ ‘ಧ್ವನಿ’ ಎಂಬ ತಂತ್ರಾಂಶ. ಹರಿಹರನ್ ಅದರ ಮುಂದಾಳು. ನಿಘಂಟಿನ ಪದಗಳನ್ನೆಲ್ಲ ಓದಿಸಿ ತುಂಬಿಡಲು ಆ ಪುಟ್ಟ ಯಂತ್ರದಲ್ಲಿ ಜಾಗವೆಲ್ಲಿ? ಅದಕ್ಕೇ ಪದ ಬಿಟ್ಟು ಉಲಿಯ ಚೂರುಗಳನ್ನು ಹಿಡಿದರು. ‘ಹೊನ್ನಾಳಿ’ ಎನ್ನಬೇಕೆಂದರೆ ಮೊದಲು ‘ಹೊ’, ಆಮೇಲೆ ಒಕಾರ ನಕಾರಕ್ಕೆ ಜಾರುವ ‘ಒನ್’, ನಂತರ ‘ನಾ’, ‘ಆಳ್’, ‘ಳಿ’. ಚೂರುಗಳನ್ನು ಬೆಸುಗೆ ಕಾಣದ ಹಾಗೆ ಒಂದಕ್ಕೊಂದು ಜೋಡಿಸಬೇಕು. ಬರೆದಂತೆ ಓದುವ ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಉಪಾಯ. ಏರಿಳಿತ ಮಾತ್ರ ಇಲ್ಲ. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ರಾಗದಲ್ಲಿ ಒಪ್ಪಿಸುತ್ತದೆ. ಆದರೂ ಅರ್ಥವಾಗುತ್ತದೆ!

ತಂತ್ರಾಂಶವನ್ನು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಬಿಟ್ಟುಕೊಟ್ಟರು. ಯಂತ್ರದ ವಿನ್ಯಾಸಕ್ಕೆ ಅಂಥ ಪರವಾನಗಿ ಸಿದ್ಧವಿರಲಿಲ್ಲ, ತಾವೇ ಬರೆದರು. ನಕ್ಷೆ ಎಲ್ಲರಿಗೂ ಮುಕ್ತ. ಮಾರುವವರು ಒಮ್ಮೆ ಶುಲ್ಕ ಕಟ್ಟಬೇಕು, ಬಡ ದೇಶಗಳ ಕಂಪನಿಗೆ ಕಡಿಮೆ, ಸಿರಿವಂತ ದೇಶಗಳದಕ್ಕೆ ಹೆಚ್ಚು. ಸುಧಾರಣೆ ಮಾಡಿದವರು ಅದನ್ನು ಒಂದು ವರ್ಷ ತಮ್ಮಲ್ಲೇ ಇಟ್ಟುಕೊಂಡು ಲಾಭ ಮಾಡಿಕೊಳ್ಳಲಿ, ಆಮೇಲೆ ಟ್ರಸ್ಟ್‌ಗೆ ಒಪ್ಪಿಸಲಿ. ನನ್ನ ಮಟ್ಟಿಗೆ ಯಂತ್ರಕ್ಕಿಂತ ದೊಡ್ಡ ಆವಿಷ್ಕಾರ ಈ ಕರಾರುಪತ್ರವೇ.

ವ್ಯಾಪಾರ ಕೈಹಿಡಿಯಲಿಲ್ಲ. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ 9,950 ರೂಪಾಯಿಯಿಂದ ಮಾರಾಟಕ್ಕೆ ಬಂತು. ಕರ್ನಾಟಕದ ಭೂದಾಖಲೆ ಕೆಲಸಕ್ಕೂ ಸಿಂಪ್ಯೂಟರ್ ಬಳಸಿದ್ದುಂಟು. ಅಷ್ಟರಲ್ಲಿ ಅಗ್ಗದ ಮೊಬೈಲು ಊರೂರು ಹೊಕ್ಕಿತು. ‘ಧ್ವನಿ’ ಮಾತ್ರ ಉಳಿಯಿತು. ಬೀಗ ಹಾಕದೆ ಬಿಟ್ಟಿದ್ದರಿಂದಲೇ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು ಮಲಯಾಳಂ, ತಮಿಳು, ಬಂಗಾಳಿಗಳಲ್ಲೂ ಮಾತಾಡಿಸಿದರು.

2022ರಲ್ಲಿ ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ‘ಮೈಲ್’ ಪ್ರಯೋಗಾಲಯ, ಮಾತನ್ನು ಬರಹಕ್ಕಿಳಿಸುವ ಸಂಶೋಧನೆಗೆಂದು ಸುಮಾರು 350 ಗಂಟೆಗಳ ಕನ್ನಡ ಧ್ವನಿಮುದ್ರಣವನ್ನು ಮುಕ್ತವಾಗಿಟ್ಟಿತು. ಆದರೆ ಅದು ಎದುರಿಗಿಟ್ಟ ವಾಕ್ಯಗಳನ್ನು ಓದಿದ ಕನ್ನಡ. ಜಗಳೂರು ಸಂತೆಯ ಚೌಕಾಸಿ, ಚನ್ನಗಿರಿಯ ಅಡಿಕೆ ವ್ಯಾಪಾರದ ಮಾತು ಅದರಲ್ಲಿ ಸಿಗುವುದಿಲ್ಲ. ಒಪ್ಪಿಗೆ ಕೇಳಿ, ಅದನ್ನೂ ಮುದ್ರಿಸಿ, ಹೀಗೇ ಬಿಟ್ಟುಕೊಡುವ ಕೆಲಸಕ್ಕೆ ನಮ್ಮ ಕಡೆಯ ಕಾಲೇಜೊಂದು ಕೈಹಾಕಬಾರದೆ?